ಸ್ಪೇನ್ ಇನ್ನೂ ಉತ್ತರ ಕೊಟ್ಟಿಲ್ಲ

ಆಗೆಲ್ಲ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೇಸಿಗೆ ಬಂತೆಂದರೆ ಹಾಸಿಗೆಗಳಿಗೂ ರಜೆ. ಅಮ್ಮಂದಿರು ಗಂಟುಗಟ್ಟಿದ ಹಾಸಿಗೆಗಳನ್ನು ಅಂಗಳಕ್ಕೆ ಎಳೆದು ಹೊಲಿಗೆ ಬಿಚ್ಚುತ್ತಿದ್ದರು. ಹತ್ತಿ ಹಿಂಜುವವನು ದೊಡ್ಡ ಬಿಲ್ಲು ಹೊತ್ತು ಬರುತ್ತಿದ್ದ. ತಂತಿ ಟೊಂಯ್ ಟೊಂಯ್ ಎನ್ನುತ್ತಿತ್ತು. ನಾವು ಲಗೋರಿ ಬಿಟ್ಟು ಹಾರುವ ಹತ್ತಿಯ ಹಿಂದೆ ಓಡುತ್ತಿದ್ದೆವು. ಮೂಗಿನಲ್ಲಿ ಹಳೇ ಹತ್ತಿಯ ಮುಗ್ಗು ವಾಸನೆ, ನಾಲಿಗೆಯ ಮೇಲೆ ಅದರ ಧೂಳು. ಇಷ್ಟು ಖಚಿತ. ಇಲ್ಲಿಂದ ಮುಂದಿನದನ್ನು ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಅಪ್ಪ ಕಾರ್ಖಾನೆಯ ಫರ್ನೇಸ್ ವಿಭಾಗದಲ್ಲಿದ್ದರು. ಅವರ ಅಂಗಿಗೆ ಯಾವಾಗಲೂ ಕಾದ ಕಬ್ಬಿಣದ ವಾಸನೆ. ಪಕ್ಕದ ಮನೆಯಲ್ಲಿ ಖಾದರ್ ಮೇಷ್ಟ್ರು. ತತ್ವಶಾಸ್ತ್ರದಲ್ಲಿ ಎಂ.ಎ. ಓದಿ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವರು. ಎರಡು ಮನೆಗಳ ನಡುವೆ ಮೊಣಕಾಲೆತ್ತರದ ಗೋಡೆ. ಸಂಜೆ ಅಪ್ಪ ಈ ಕಡೆ ಕುರ್ಚಿ ಹಾಕಿದರೆ ಮೇಷ್ಟ್ರು ಆ ಕಡೆ. ಅಮ್ಮ ಮಾಡಿದ ಒಗ್ಗರಣೆ ಮಂಡಕ್ಕಿಯ ತಟ್ಟೆ ಗೋಡೆಯ ಮೇಲೆ.

ಒಂದು ಸಂಜೆ ಹಿಂಜಿದ ಹತ್ತಿಯ ಎಳೆಯೊಂದು ಹಾರಿಬಂದು ನೀರು ಕಾಯಿಸುವ ಒಲೆಗೆ ಬಿತ್ತು. ಚುರ್ರೆಂದು ಕಪ್ಪಾಯಿತು.

"ಬೆಂಕಿ ಸುಡ್ತು," ಎಂದೆ ನಾನು.

"ಸುಟ್ಟಿದ್ದನ್ನ ನೀನು ನೋಡಿದ್ಯಾ?" ಎಂದರು ಮೇಷ್ಟ್ರು.

"ನೋಡಿದ್ನಲ್ಲ ಸಾರ್."

"ನೋಡಿಲ್ಲ. ಹತ್ತಿ ಬೆಂಕಿ ಹತ್ರ ಹೋಗಿದ್ದು ನೋಡಿದೆ. ಆಮೇಲೆ ಕಪ್ಪಾಗಿದ್ದು ನೋಡಿದೆ. ಅದನ್ನ ಬೆಂಕಿನೇ ಮಾಡ್ತು ಅನ್ನೋದು ನೀನು ಸೇರಿಸ್ಕೊಂಡಿದ್ದು."

ಬಹಳ ಹಿಂದೆ ಬಾಗ್ದಾದಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ದೊಡ್ಡ ವಿದ್ವಾಂಸ ಹೀಗೇ ವಾದಿಸಿದ್ದನಂತೆ. ಬೆಂಕಿ ಮತ್ತು ಸುಡುವುದು ಜೊತೆಜೊತೆಗೆ ಬರುತ್ತವೆ, ಅಷ್ಟೇ, ಸುಡಿಸುವವನು ದೇವರು. ಅವನು ಮನಸ್ಸು ಮಾಡಿದರೆ ಹತ್ತಿ ಬೆಂಕಿಯಲ್ಲಿ ಬಿಳಿಯಾಗಿಯೇ ಉಳಿದೀತು.

ಅಪ್ಪ ನಕ್ಕರು. "ಒಂದು ದಿನ ನಮ್ಮ ಫರ್ನೇಸ್ ಹತ್ರ ಬನ್ನಿ ಮೇಷ್ಟ್ರೇ. ಸುಡೋದು ಅದರ ಗುಣ. ಅದನ್ನ ನಂಬದೆ ಹೋದ್ರೆ ನಾನು ಬಾಗಿಲು ತೆಗೆಯೋದು ಹೇಗೆ? ಇವತ್ತು ದೇವರ ಮೂಡ್ ಹೇಗಿದೆ ಅಂತ ಕೇಳ್ಕೊಂಡು ತೆಗೀಲಾ?"

ಮೇಷ್ಟ್ರು ಗೋಡೆ ತಟ್ಟಿ ಖುಷಿಪಟ್ಟರು. "ಶಂಕ್ರಪ್ಪನವರೇ, ನೀವು ಸ್ಪೇನಿನವರು. ಅಲ್ಲೂ ಒಬ್ಬ ನ್ಯಾಯಾಧೀಶ ಇದನ್ನೇ ಹೇಳಿದ. ವಸ್ತುಗಳಿಗೆ ಗುಣ ಇಲ್ಲ ಅಂದ್ರೆ ನಮಗೆ ತಿಳುವಳಿಕೆ ಅನ್ನೋದೇ ಇಲ್ಲ ಅಂತ. ಆದ್ರೆ ಏನು ಮಾಡ್ತೀರಿ, ಅವನು ಹುಟ್ಟೋ ಹೊತ್ತಿಗೆ ಬಾಗ್ದಾದಿನವನು ಸತ್ತೇಹೋಗಿದ್ದ."

ಅಂದಿನಿಂದ ಅಮ್ಮನ ಬಾಯಲ್ಲಿ ಅವರಿಬ್ಬರಿಗೂ ಊರಿನ ಹೆಸರೇ. "ಬಾಗ್ದಾದ್‌ಗೆ ಟೀ ಕೊಟ್ಟು ಬಾ. ಸ್ಪೇನ್‌ಗೆ ಬೇಡ, ರಾತ್ರಿ ನಿದ್ದೆ ಬರಲ್ಲ ಅಂತ ನನ್ನ ತಲೆ ತಿಂತಾರೆ." ಆ ಬೇಸಿಗೆಯಿಡೀ ವಾದ ನಡೆಯಿತು. ಸೋತವರು ಮರುದಿನ ಹೊಸ ಮಾತಿನೊಂದಿಗೆ ಬರುತ್ತಿದ್ದರು.

ನನ್ನ ತಲೆಯಲ್ಲಿ ಮಾತ್ರ ಬಾಗ್ದಾದ್ ಗೆದ್ದುಬಿಟ್ಟಿತ್ತು. ದೇವರು ಒಂದು ಸಲವಾದರೂ ಸುಡಿಸುವುದನ್ನು ಮರೆಯಬಹುದಲ್ಲವೇ? ಒಂದು ಸಂಜೆ ಅಂಗೈ ಮೇಲೆ ಹತ್ತಿ ಇಟ್ಟುಕೊಂಡು ದೇವರ ದೀಪದ ಮುಂದೆ ಕೂತೆ. ಕೈಯನ್ನು ಜ್ವಾಲೆಗೆ ಹತ್ತಿರ ಒಯ್ದೆ. ಆಮೇಲೆ ನನ್ನ ಕಿರುಚಾಟ, ಅಪ್ಪ ನನ್ನ ಕೈಯನ್ನು ನೀರಿನ ಡ್ರಮ್ಮಿಗೆ ಅದ್ದಿದ್ದು, ಗೋಡೆಯ ಹತ್ತಿರ ಹೋಗಿ ಹೇಳಿದ್ದು: "ನಿಮ್ಮ ಬಾಗ್ದಾದ್ ಮಾತು ಇಲ್ಲಿಗೆ ಸಾಕು ಮೇಷ್ಟ್ರೇ." ಮರುದಿನದಿಂದ ಕುರ್ಚಿಗಳು ಹೊರಗೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಮೇಷ್ಟ್ರು ಶಿವಮೊಗ್ಗಕ್ಕೆ ಹೋದರು.

ನನ್ನ ಎಡ ಅಂಗೈಯಲ್ಲಿ ಕಲೆ ಇದೆ. ಅದನ್ನು ನೋಡಿದಾಗೆಲ್ಲ ನನಗೆ ಕಾಣುವುದು ಸುಟ್ಟ ಕೈಯಲ್ಲ, ಗೆಳೆಯನ ಮಾತನ್ನು ಮುಖಕ್ಕೆ ಹೊಡೆದಂತೆ ನಿಲ್ಲಿಸಿದ ಅಪ್ಪ. ಈಗ ಅಪ್ಪ ಇಲ್ಲ. ಅವರ ತಿಥಿಯ ದಿನ ಊಟ ಮುಗಿಸಿ ಕೂತಿದ್ದಾಗ ಅಕ್ಕನಿಗೆ ಇದನ್ನೆಲ್ಲ ಹೇಳಿದೆ.

"ಏನು ಮಾರಾಯ, ತಲೆ ಕೆಟ್ಟಿದೆಯಾ?" ಎಂದಳು ಅವಳು. "ಅದು ದೀಪಾವಳಿ ಹೂಕುಂಡ ಸಿಡಿದಿದ್ದು. ನಾನೇ ಹಚ್ಚಿದ್ದೆ, ಅಮ್ಮನ ಕೈಲಿ ಹೊಡೆತಾನೂ ತಿಂದೆ. ಅಷ್ಟೊತ್ತಿಗೆ ಮೇಷ್ಟ್ರು ಟ್ರಾನ್ಸ್‌ಫರ್ ಆಗಿ ಎಷ್ಟೋ ತಿಂಗಳಾಗಿತ್ತು. ಸಾಮಾನು ಲಾರಿಗೆ ಹಾಕೋಕೆ ಅಪ್ಪಾನೇ ಹೋಗಿದ್ರು."

"ಅಪ್ಪ ಗೋಡೆ ಹತ್ರ ಹೋಗಿ ಹೇಳಿದ್ದು?"

"ಅಪ್ಪ ಯಾರಿಗಾದ್ರೂ ಹಾಗೆ ಮಾತಾಡಿದ್ದು ನೀನು ಕೇಳಿದ್ದೀಯಾ?"

ಕೇಳಿದ್ದೇನೆ ಎಂದುಕೊಂಡಿದ್ದೆ. ಆದರೆ ವಿಶ್ವವಿದ್ಯಾಲಯದಲ್ಲಿದ್ದಾಗ ಲೈಬ್ರರಿಯ ಪುಸ್ತಕವೊಂದರಲ್ಲಿ ಇದೇ ವಾದ ಸಿಕ್ಕಿತ್ತು; ಅಲ್ಲೂ ಉದಾಹರಣೆ ಹತ್ತಿಯದೇ. ಆಗ ಹಳೇ ನೆಂಟನನ್ನು ಕಂಡಷ್ಟು ಸಂತೋಷಪಟ್ಟಿದ್ದೆ. ಅಕ್ಕನ ಮಾತಿನ ನಂತರ ಅದೇ ಸಂತೋಷ ಹೆದರಿಸತೊಡಗಿತು. ನಮ್ಮ ಅಂಗಳದ ಹತ್ತಿ ಆ ಪುಸ್ತಕಕ್ಕೆ ಹೋಗಿರಲಾರದು. ಪುಸ್ತಕದ ಹತ್ತಿ ನಮ್ಮ ಅಂಗಳಕ್ಕೆ ಬಂದಿರಬಹುದಲ್ಲ? ಒಂದು ಕಲೆ ಇದೆ, ಒಂದು ನೆನಪಿದೆ. ಎರಡೂ ಅಕ್ಕಪಕ್ಕ ಇವೆ. ಗಂಟು ಹಾಕಿದವನು ನಾನೇ ಇರಬಹುದು. ಹಾಗಿದ್ದರೆ ಇಷ್ಟು ವರ್ಷ ಅಪ್ಪನನ್ನು ಸುಮ್ಮನೆ ಒರಟನನ್ನಾಗಿ ಮಾಡಿದ್ದೇನೆ.

ತೀರ್ಪು ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಮೇಷ್ಟ್ರು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಗಳು ನಸೀಮಾ ಅವರ ಮನೆಯಲ್ಲಿದ್ದಾರೆಂದು ತಿಳಿದು ಹೋದೆ. "ಅಬ್ಬಾಗೆ ಈಗ ಮರೆವು ಜಾಸ್ತಿ. ಹಳೇದು ಕೆಲವು ಇದೆ, ಕೆಲವು ಇಲ್ಲ," ಎಂದು ನಸೀಮಾ ಮೊದಲೇ ಎಚ್ಚರಿಸಿದರು. ಮೇಷ್ಟ್ರು ಕಿಟಕಿ ಪಕ್ಕ ಕೂತಿದ್ದರು. ಶಂಕ್ರಪ್ಪನವರ ಮಗ ಎಂದ ಕೂಡಲೇ ಮುಖ ಅರಳಿತು.

"ಸ್ಪೇನ್ ಹೇಗಿದ್ದಾರೆ?"

ಹಾಗಾದರೆ ಸ್ಪೇನಿನ ವಾದ ನಿಜವಾಗಿಯೂ ನಡೆದಿತ್ತು. ಪುಸ್ತಕದಿಂದ ಬಂದದ್ದಲ್ಲ.

"ನಂಗಿನ್ನೂ ಉತ್ತರ ಕೊಟ್ಟಿಲ್ಲ ಅವರು," ಎಂದರು.

"ಯಾವುದಕ್ಕೆ ಸಾರ್?"

"ಹತ್ತಿ ವಿಷಯ, ಮಾರಾಯ. ಕೊನೇ ಮಾತು ನಂದೇ ಆಗಿತ್ತು. ಆಮೇಲೆ ಅವರು ಗೋಡೆ ಹತ್ರ ಬರಲಿಲ್ಲ."

"ಯಾಕೆ ಬರಲಿಲ್ಲ?"

"ಶಿಫ್ಟ್ ಇತ್ತೋ ಏನೋ."

ನಾನು ಅಂಗೈ ಚಾಚಿದೆ. ಅವರು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಅಯ್ಯೋ ಪಾಪ. ಇದು ಹೇಗಾಯ್ತು?"

"ಗೊತ್ತಿಲ್ಲ ಸಾರ್."

ಅವರಿಗೆ ನಗು ತಡೆಯಲಾಗಲಿಲ್ಲ. "ಕಲೆ ಇದೆ, ಕಾರಣ ಗೊತ್ತಿಲ್ಲ ಅಂತೀಯ. ಕೊನೆಗೂ ನನ್ನ ಪಕ್ಷಕ್ಕೇ ಬಂದ್ಯಲ್ಲೋ. ಸ್ಪೇನ್‌ಗೆ ಹೇಳು, ಮಗ ಕೈತಪ್ಪಿ ಹೋದ ಅಂತ."

ಅಪ್ಪ ಇಲ್ಲವೆಂದು ಆಗಲೇ ಹೇಳಬೇಕಿತ್ತು. "ಹೇಳ್ತೀನಿ ಸಾರ್," ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಮಾತನ್ನು ತಿರುವಿ ತಿರುವಿ ನೋಡಿದೆ. ಅಪ್ಪ ಗೋಡೆಯ ಹತ್ತಿರ ಬರಲಿಲ್ಲ ಎಂದರಲ್ಲ. ಅದು ನನ್ನ ನೆನಪಿಗೂ ಹೊಂದುತ್ತದೆ, ಅಕ್ಕನ ಲಾರಿಗೂ ಹೊಂದುತ್ತದೆ. ಜಗಳವನ್ನು ಅವರು ಮರೆತರೋ, ಮರೆಯಲು ಜಗಳವೇ ಇರಲಿಲ್ಲವೋ, ನನಗೆ ತಿಳಿಯಲಿಲ್ಲ.

ಈಗ ಆ ಕ್ವಾರ್ಟರ್ಸಿನ ಅಂಗಳದಲ್ಲಿ ಆಳೆತ್ತರ ಗಿಡಗಂಟಿ. ನಮ್ಮ ಮನೆಯ ಹಾಸಿಗೆಗಳು ಫೋಮಿನವು, ಅವನ್ನು ಬಿಚ್ಚುವಂತಿಲ್ಲ. ಅದಕ್ಕೆಲ್ಲ ನನಗೆ ಅಂಥ ದುಃಖವಿಲ್ಲ. ಆ ಹಳೆಯ ಇಬ್ಬರು ವಿದ್ವಾಂಸರಲ್ಲಿ ಉತ್ತರ ಬರೆದವನು ಹುಟ್ಟುವಷ್ಟರಲ್ಲಿ ಪ್ರಶ್ನೆ ಕೇಳಿದವನು ಇರಲಿಲ್ಲ. ನಮ್ಮ ಅಂಗಳದಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಇದ್ದರು, ನಡುವೆ ಮಂಡಕ್ಕಿ ತಟ್ಟೆ ಇತ್ತು. ಈಗ ಅದೂ ತಿರುವುಮುರುವಾಗಿದೆ. ದುರ್ಗಿಗುಡಿಯ ಕಿಟಕಿಯಲ್ಲಿ ಬಾಗ್ದಾದ್ ಇನ್ನೂ ಕಾಯುತ್ತಿದೆ, ಉತ್ತರ ಕೊಡಬೇಕಾದವರು ಹೊರಟುಹೋಗಿದ್ದಾರೆ.