ಗೆರೆಯಿಲ್ಲದ ಹೆಬ್ಬೆಟ್ಟು

ನಲ್ಲೂರಿನ ದುರುಗಮ್ಮನಿಗೆ ಕ್ಷಮಿಸುವುದು ಗೊತ್ತಿಲ್ಲ. ಇದು ಚಾಡಿಯಲ್ಲ, ಊರಿಗೆಲ್ಲ ತಿಳಿದ ಸಂಗತಿ. ಆಕೆಯೂ ಅಲ್ಲಗಳೆಯುವುದಿಲ್ಲ. ತಂಗಿಯ ಮದುವೆಯಲ್ಲಿ ಪಂಕ್ತಿಯಿಂದ ತನ್ನನ್ನು ಎಬ್ಬಿಸಿದ ಭಾವನ ಜೊತೆ ಇಪ್ಪತ್ತಾರು ವರ್ಷ ಮಾತು ಬಿಟ್ಟಳು. ಆತ ತೀರಿಕೊಂಡ ಮೇಲೂ ಹೆಸರೆತ್ತುವುದಿಲ್ಲ, ‘ಆ ಮನುಷ್ಯ’ ಎನ್ನುತ್ತಾಳೆ. ಅಡಿಕೆ ಸುಲಿಯುವ ಹೆಂಗಸರ ತಂಡಕ್ಕೆ ಅವಳೇ ಮುಂದಾಳು. ಕೊಯ್ಲಿನ ಕಾಲದಲ್ಲಿ ನಲ್ಲೂರಿನಿಂದ ನ್ಯಾಮತಿ ಕಡೆಯ ಸವಳಂಗದವರೆಗೆ ಯಾರು ಕರೆದರೂ ಹೋಗುತ್ತಾಳೆ. ಕೆಲಸ ಕೆಡಿಸಿದವಳು ಸ್ವಂತ ನಾದಿನಿಯಾದರೂ ಅಂದೇ ಮನೆಗೆ ಕಳಿಸುತ್ತಾಳೆ.

ಮೋಸ ಮಾಡಲು ಇಂಥವಳನ್ನು ಆರಿಸಿಕೊಂಡ ಚನ್ನಗಿರಿಯ ವಕೀಲ ಸತೀಶ್ ಕುಮಾರನಿಗೆ ಕಾನೂನು ಎಷ್ಟು ಗೊತ್ತಿತ್ತೋ, ಮನುಷ್ಯರನ್ನು ಅಳೆಯುವುದಂತೂ ಗೊತ್ತಿರಲಿಲ್ಲ.

ದುರುಗಮ್ಮನ ಗಂಡ ಬಿಟ್ಟುಹೋದದ್ದು ಒಂದು ಎಕರೆ ಹೊಲ. ಪಕ್ಕದ ತೋಟದವನು ವರ್ಷವರ್ಷವೂ ಬದು ಸರಿಸುತ್ತ ಬಂದ. ಆಕೆ ಕೇಸು ಹಾಕಿದಳು, ಸತೀಶ್ ಕುಮಾರನಿಗೆ ವಕಾಲತ್ತು ಕೊಟ್ಟಳು, ಹೊಲದ ಮೂಲ ಪತ್ರಗಳನ್ನೂ ಅವನ ಕೈಗಿಟ್ಟಳು. ಮೂರು ವರ್ಷ ಅವನು ಹೇಳಿದ್ದು ಒಂದೇ ಮಾತು: “ಮುಂದಿನ ತಾರೀಖಿಗೆ ಬಾ, ದುರುಗಮ್ಮ.” ಅವಳು ಹೋದಳು, ಕೋರ್ಟಿನ ಬೇವಿನ ಮರದ ಕೆಳಗೆ ಕೂತಳು, ಬಂದಳು.

ಒಂದು ಬೆಳಿಗ್ಗೆ ಸರ್ವೆಯವರು ಹೊಲಕ್ಕೆ ಬಂದು ಕಲ್ಲು ನೆಡತೊಡಗಿದರು.

“ಯಾರ್ರೀ ನೀವು? ಯಾರ್ ಹೊಲ್ದಾಗೆ ಕಲ್ಲು ಹಾಕ್ತಿದೀರಿ?”

“ನೀವೇ ಕೋರ್ಟಲ್ಲಿ ರಾಜಿ ಆಗೀರಲ್ಲಮ್ಮ. ಹದಿನಾಲ್ಕು ಗುಂಟೆ ಅವರಿಗೆ ಬಿಟ್ಟುಕೊಟ್ಟೀರಿ. ಆರ್ಡರ್ ಐತೆ ನೋಡ್ರಿ.”

“ರಾಜಿನಾ? ನಾನಾ?” ಎಂದಳು ದುರುಗಮ್ಮ. ಅವಳು ರಾಜಿಯಾದಳೆಂದರೆ ನಂಬುವವರು ಇಡೀ ಊರಲ್ಲಿ ಒಬ್ಬರೂ ಇರಲಿಲ್ಲ. ಕಲ್ಲು ಹೊತ್ತವನೇ ನಕ್ಕುಬಿಟ್ಟ.

ರಾಜಿ ಅರ್ಜಿಯ ನಕಲನ್ನು ಕೋರ್ಟಿನಿಂದ ತೆಗೆಸಿಕೊಂಡು ಆಕೆ ಹೋದದ್ದು ನಾಗರತ್ನಳ ಬಳಿಗೆ. ನಾಗರತ್ನ ಊರಿನ ರೇಷನ್ ಅಂಗಡಿ ನಡೆಸುವವಳು, ಪಿಯುಸಿ ಓದಿದವಳು, ಯಾರ ಕಾಗದವನ್ನಾದರೂ ಬೇಸರವಿಲ್ಲದೆ ಓದಿ ಹೇಳುವವಳು. ಓದಿ ಮುಗಿಸಿ ಕೊನೆಯ ಪುಟದ ಮೇಲೆ ಬೆರಳಿಟ್ಟಳು.

“ಇಲ್ಲಿ ನಿನ್ ಹೆಬ್ಬೆಟ್ಟು ಐತೆ ದುರುಗಕ್ಕ. ಕೆಳಗೆ ವಕೀಲ್ರ ಸಹಿ. ‘ಈ ಹೆಬ್ಬೆಟ್ಟು ಒತ್ತಿದವರು ದುರುಗಮ್ಮ, ಇವರನ್ನು ನಾನು ಬಲ್ಲೆ’ ಅಂತ ಬರ್ದಾರೆ.”

ದುರುಗಮ್ಮ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಬ್ಬೆಟ್ಟಿನ ಗುರುತು ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು.

“ಇದು ಕೆಲ್ಸ ಮಾಡ್ದಿರೋಳ ಬೆರಳು,” ಎಂದಳು.

ನಾಗರತ್ನಳಿಗೆ ಆಗ ಹೊಳೆಯಿತು. ತಿಂಗಳು ತಿಂಗಳು ರೇಷನ್ ಅಂಗಡಿಯ ಮಿಷನ್ನಿನ ಮೇಲೆ ದುರುಗಮ್ಮ ಹೆಬ್ಬೆಟ್ಟು ಇಡುತ್ತಾಳೆ, ಮಿಷನ್ನು ಒಲ್ಲೆ ಎನ್ನುತ್ತದೆ. ಮೂವತ್ತೈದು ವರ್ಷ ಹಸಿ ಅಡಿಕೆಯ ಸಿಪ್ಪೆ ಒತ್ತಿ ಒತ್ತಿ, ಅದರ ಚೊಗರು ರಸ ಕುಡಿದು ಕುಡಿದು, ಅವಳ ಬೆರಳುಗಳು ಗೋಲಿಯಂತೆ ನುಣ್ಣಗಾಗಿವೆ. ಸೀಗೆಪುಡಿ ಹಚ್ಚಿ ತೊಳೆದರೂ ಅಷ್ಟೆ, ಕೊಬ್ಬರಿ ಎಣ್ಣೆ ಸವರಿದರೂ ಅಷ್ಟೆ. ಕೊನೆಗೆ ಮೊಬೈಲಿಗೆ ಬರುವ ನಂಬರು ಹಾಕಿಯೇ ಅವಳಿಗೆ ಅಕ್ಕಿ ಕೊಡಬೇಕು. ಸುಲಿಯುವ ತಂಡದ ಅರ್ಧ ಹೆಂಗಸರ ಪಾಡೂ ಇದೇ. ಇದು ನಲ್ಲೂರಿನ ಎಲ್ಲರಿಗೂ ಗೊತ್ತು. ಕಪ್ಪು ಕೋಟಿನ ಸತೀಶ್ ಕುಮಾರನಿಗೆ ಗೊತ್ತಿರಲಿಲ್ಲ. ಪಕ್ಕದ ತೋಟದವನ ಜೊತೆ ಸೇರಿಕೊಂಡು, ಗಡಿಬಿಡಿಯ ಒಂದು ದಿನ ಯಾರೋ ಹೆಂಗಸನ್ನು ನ್ಯಾಯಾಧೀಶರ ಎದುರು ನಿಲ್ಲಿಸಿ, ಇವಳೇ ದುರುಗಮ್ಮ ಎಂದುಬಿಟ್ಟಿದ್ದ.

ರಾಜಿ ರದ್ದು ಮಾಡಿಸುವುದು ಕಷ್ಟವಾಗಲಿಲ್ಲ. ಬೆರಳಚ್ಚು ತಜ್ಞರ ವರದಿ ಬಂದದ್ದೇ ಕೋರ್ಟು ಆದೇಶವನ್ನು ತೆಗೆದುಹಾಕಿತು, ಪಕ್ಕದವನು ತಾನಾಗಿಯೇ ಬದು ಹಿಂದಕ್ಕೆ ಹಾಕಿದ. ಊರವರು ಇಲ್ಲಿಗೆ ಮುಗಿಯಿತೆಂದುಕೊಂಡರು. ದುರುಗಮ್ಮನಿಗೆ ಅದು ಶುರು.

“ಅವ್ನು ಆ ಕೋಟು ಹಾಕ್ಕಂಡಿರೋವರ್ಗೂ ಇನ್ನೊಬ್ಳನ್ನ ನಾನು ಅಂತ ನಿಲ್ಲಿಸ್ತಾನೆ. ಕೋಟು ಬಿಚ್ಚಿಸ್ಬೇಕು. ಅದಕ್ಕೆ ಏನ್ ದಾರಿ ಐತೆ ಹೇಳು,” ಎಂದಳು ನಾಗರತ್ನಳಿಗೆ.

ದಾರಿ ಇತ್ತು. ಬೆಂಗಳೂರಿನಲ್ಲಿರುವ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಅಲ್ಲಿಯ ಶಿಸ್ತು ಸಮಿತಿ ವಿಚಾರಣೆ ನಡೆಸಿ, ತಪ್ಪು ಕಂಡರೆ ವಕೀಲರ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತದೆ. ಆದರೆ ಚನ್ನಗಿರಿಯಲ್ಲಿ ಅವಳ ಪರ ಬರೆದುಕೊಡಲು ಒಬ್ಬ ವಕೀಲನೂ ಮುಂದಾಗಲಿಲ್ಲ. ಒಬ್ಬರು ಚಹಾ ತರಿಸಿಕೊಟ್ಟು, ದಿನಾ ಮುಖ ನೋಡಬೇಕಲ್ಲಮ್ಮ ಎಂದರು. ಕೊನೆಗೆ ದೂರನ್ನು ನಾಗರತ್ನ ಕನ್ನಡದಲ್ಲೇ ಬರೆದಳು. ಆರು ಸಲ ಹರಿದು ಏಳನೆಯ ಸಲಕ್ಕೆ ದುರುಗಮ್ಮನಿಗೆ ಒಪ್ಪಿಗೆಯಾಯಿತು.

ಸತೀಶ್ ಕುಮಾರನಿಗೆ ನೋಟಿಸು ಹೋಯಿತು. ಅವನು ಪಂಚಾಯ್ತಿ ಮೆಂಬರ್ ಪಾಲಣ್ಣನನ್ನು ಕಳಿಸಿದ.

“ಹೊಲ ಬಂತಲ್ಲಕ್ಕ, ಇನ್ನೇನ್ ಬೇಕು? ಹೆಂಡ್ರು ಮಕ್ಳು ಇರೋ ಮನ್ಷ. ಬಿಟ್ಬಿಡು.”

“ನಂಗೂ ಮಕ್ಳು ಅದಾವೆ ಪಾಲಣ್ಣ. ಅವ್ನೇನು ಕೇಳಿ ಮಾಡಿದ್ನಾ?”

“ಕಾಲಿಗೆ ಬೀಳ್ತೀನಿ ಅಂತಾನೆ.”

“ಬೀಳ್ಲಿ. ಕೋಟು ಬಿಚ್ಚಿಟ್ಟು ಬೀಳಾಕೆ ಹೇಳು.”

ಒಂದೂವರೆ ವರ್ಷದಲ್ಲಿ ಅವಳು ನಾಲ್ಕು ಸಲ ಬೆಂಗಳೂರಿಗೆ ಹೋದಳು. ರೈಲಿನಲ್ಲಿ ನಾಗರತ್ನಳ ಪಕ್ಕ ಕೂತು ರೊಟ್ಟಿ ತಿನ್ನುತ್ತ, ಕಿಟಕಿಯಾಚೆ ನೋಡುತ್ತ. ಮೂರು ಸಲ ವಿಚಾರಣೆ ಮುಂದಕ್ಕೆ ಹೋಯಿತು. ನಾಲ್ಕನೆಯ ಸಲ ಸಮಿತಿಯ ಮೂವರು ಹಿರಿಯ ವಕೀಲರು ಕೂತರು. ಸತೀಶ್ ಕುಮಾರನ ಪರ ಬಂದ ವಕೀಲ ಅವಳನ್ನು ಪ್ರಶ್ನಿಸಲು ಎದ್ದ.

“ನಿಮಗೆ ಓದಲು ಬರುತ್ತದೆಯೇ?”

“ಇಲ್ಲ ರೀ.”

“ಮತ್ತೆ ಆ ಕಾಗದದಲ್ಲಿ ಇರುವುದು ನಿಮ್ಮ ಹೆಬ್ಬೆಟ್ಟಲ್ಲ ಎಂದು ಹೇಗೆ ಹೇಳಿದಿರಿ?”

“ಓದಾಕೆ ಬರಲ್ಲ, ನೋಡಾಕೆ ಬರ್ತೈತೆ.”

ಸಮಿತಿಯಲ್ಲಿದ್ದ ಹೆಂಗಸು ತಲೆ ತಗ್ಗಿಸಿ ನಕ್ಕರು. ಆ ವಕೀಲ ಬಿಡಲಿಲ್ಲ. ಬೆರಳು ಈಗ ಸವೆದಿರಬಹುದು, ರಾಜಿಯ ದಿನ ಸವೆದಿರಲಿಲ್ಲ ಎಂದ. ನಾಗರತ್ನ ಎದ್ದು, ರಾಜಿಗೂ ನಾಲ್ಕು ವರ್ಷ ಹಿಂದಿನಿಂದ ಮಿಷನ್ನು ದುರುಗಮ್ಮನ ಹೆಬ್ಬೆಟ್ಟನ್ನು ಒಪ್ಪದ ತಿಂಗಳುಗಳ ದಾಖಲೆಯನ್ನು ಮೇಜಿನ ಮೇಲಿಟ್ಟಳು. ಒಂದು ತಿಂಗಳೂ ತಪ್ಪಿರಲಿಲ್ಲ.

ಅಧ್ಯಕ್ಷರು ಶಾಯಿಯ ಪ್ಯಾಡು ತರಿಸಿದರು. ದುರುಗಮ್ಮ ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿದಳು. ಮೂಡಿದ್ದು ಒಂದು ಕಪ್ಪು ಬೊಟ್ಟು, ಅಷ್ಟೆ. ಮೂವರೂ ಆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಆಮೇಲೆ ಅಧ್ಯಕ್ಷರು ಸತೀಶ್ ಕುಮಾರನತ್ತ ತಿರುಗಿದರು.

“ರಾಜಿ ಅರ್ಜಿಯಲ್ಲಿ ‘ಇವರನ್ನು ನಾನು ಬಲ್ಲೆ’ ಎಂದು ಬರೆದಿದ್ದೀರಿ. ಈಕೆಯನ್ನು ನೀವು ಬಲ್ಲಿರಾ?”

ಮೂರು ವರ್ಷ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿದವನು ತನ್ನ ಕಡತದ ಹಾಳೆಗಳನ್ನು ತಿರುವತೊಡಗಿದ.

ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಅಂದು ತಂಡದವರು ಊರಾಚೆಯ ಕಣದಲ್ಲಿ ಸುಲಿಯುತ್ತಿದ್ದರು. ನಾಗರತ್ನ ಅಂಗಡಿಗೆ ಬೀಗ ಹಾಕಿ ಓಡಿಬಂದು, ಇಪ್ಪತ್ತು ಹೆಂಗಸರ ನಡುವೆ ನಿಂತು ಓದಿದಳು. ಸತೀಶ್ ಕುಮಾರನ ಹೆಸರನ್ನು ವಕೀಲರ ಪಟ್ಟಿಯಿಂದ ತೆಗೆದುಹಾಕಲಾಗಿದೆ, ಇನ್ನು ಮುಂದೆ ಅವನು ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ, ದುರುಗಮ್ಮನ ಮೂಲ ಪತ್ರಗಳನ್ನು ಹದಿನೈದು ದಿನದೊಳಗೆ ಹಿಂದಿರುಗಿಸತಕ್ಕದ್ದು.

“ಹೆಸ್ರು ತೆಗ್ದಿರೋದು ಇನ್ನೊಂದ್ ಸಲ ಓದು,” ಎಂದಳು ದುರುಗಮ್ಮ.

ನಾಗರತ್ನ ಮೂರು ಸಲ ಓದಿದಳು. ಮೂರನೆಯದಕ್ಕೆ ತಂಡದ ಕಲ್ಲಮ್ಮ ಶಿಳ್ಳೆ ಹಾಕಿದಳು. ಅವಳಿಗೆ ಐವತ್ತೆಂಟು ವರ್ಷ, ಅವಳು ಶಿಳ್ಳೆ ಹಾಕಿದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಮಿರ್ಚಿ ಮಂಡಕ್ಕಿ ಬಂತು. ಸುಲಿಯುವ ಹೆಂಗಸು ಒಬ್ಬ ವಕೀಲನ ಕೋಟು ಬಿಚ್ಚಿಸಿದಳೆಂಬ ಸುದ್ದಿ ಹೊನ್ನಾಳಿ, ಜಗಳೂರಿನ ಕೋರ್ಟುಗಳಿಗೂ ಹೋಯಿತು. ಬಿಳಿಚೋಡಿನಿಂದ ಹನುಮಂತಮ್ಮ ಎನ್ನುವವಳು ತನ್ನ ವಕೀಲನ ಕಾಗದಗಳನ್ನು ಹಿಡಿದು, ಎರಡು ಬಸ್ಸು ಬದಲಿಸಿ ಬಂದು, ಇದನ್ನೂ ಸ್ವಲ್ಪ ಬೆಳಕಿಗೆ ಹಿಡಿದು ನೋಡು ಎಂದಳು. ದುರುಗಮ್ಮ ನೋಡಿದಳು. ಅದು ಸರಿಯಾಗಿಯೇ ಇತ್ತು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಸತೀಶ್ ಕುಮಾರ್ ಸ್ಕೂಟರಿನಲ್ಲಿ ಕಣಕ್ಕೆ ಬಂದ. ಮಾಸಲು ಅಂಗಿ ಹಾಕಿದ್ದ. ಮೂಲ ಪತ್ರಗಳಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಟ್ಟ. ದುರುಗಮ್ಮ ನಾಗರತ್ನಳನ್ನು ಕರೆಸಿದಳು. ಒಂದೊಂದು ಪತ್ರವನ್ನೂ ಬಿಡಿಸಿ ನೋಡಿಸಿದಳು. ಅವನು ಬಿಸಿಲಲ್ಲೇ ನಿಂತಿದ್ದ.

“ಎಲ್ಲಾ ಐತೆ,” ಎಂದಳು ನಾಗರತ್ನ.

“ಸರಿ, ಹೋಗ್ರಿ,” ಎಂದಳು ದುರುಗಮ್ಮ.

“ಯಾಕ್ ಕಳಿಸ್ತೀಯಕ್ಕ?” ಕಲ್ಲಮ್ಮ ಕೂಗಿದಳು. “ವಕೀಲ್ರೇ, ಹೆಂಗೂ ಬಿಡುವಾಗೀರಿ. ಇಲ್ಲೊಂದ್ ಸುಲಿಯೋ ಕತ್ತಿ ಖಾಲಿ ಐತೆ, ಕುಂತ್ಕಳ್ರಿ!”

“ಮೊದ್ಲು ಬೆರಳು ತೋರ್ಸಾಕೆ ಹೇಳು, ಗೆರೆ ಐತೋ ಇಲ್ವೋ!” ಇನ್ನೊಬ್ಬಳು ದನಿಗೂಡಿಸಿದಳು.

ಕಣದ ತುಂಬ ನಗು. ಅವನು ಅವಸರದಲ್ಲಿ ಸ್ಕೂಟರು ತಿರುಗಿಸಿದ. ಹಿಂದಿನ ಚಕ್ರ ಹಸಿ ಸಿಪ್ಪೆಯ ರಾಶಿಯಲ್ಲಿ ಹೂತಿತು. ವೇಗ ಕೊಟ್ಟಷ್ಟೂ ಚಕ್ರ ಗಿರ್ರೆಂದು ಸಿಪ್ಪೆ ಎರಚಿತು, ಅವನ ಅಂಗಿಗೆ, ಹಿಂತಿರುಗಿ ನೋಡಿದರೆ ಕನ್ನಡಕಕ್ಕೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಇಳಿದು ಎಳೆದ. ಸ್ಕೂಟರು ಜರುಗಲಿಲ್ಲ.

ದುರುಗಮ್ಮ ಎದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಾಶಿಯಲ್ಲಿ ಮೊಣಕಾಲವರೆಗೆ ಇಳಿದು, ಸ್ಕೂಟರಿನ ಹಿಂಭಾಗಕ್ಕೆ ಎರಡೂ ಕೈ ಕೊಟ್ಟಳು.

“ಹತ್ರಿ,” ಎಂದಳು. “ಮೆಲ್ಲಗೆ ವೇಗ ಕೊಡ್ರಿ.”

ಕಣದಲ್ಲಿ ನಗು ನಿಂತುಹೋಗಿತ್ತು. ಅವಳು ತಳ್ಳಿದಳು.