ಚಾಚಿ ಒಡೆಸಿದ ರಸ್ತೆ

ಮಳೆ ಬಂದರೆ ನಮ್ಮ ಓಣಿಯವರೆಲ್ಲ ಒಳಗೆ ಓಡುತ್ತಿದ್ದರು. ಪಕ್ಕದ ಮನೆಯ ಹುಸೇನಬಿ ಚಾಚಿ ಹೊರಗೆ ಬರುತ್ತಿದ್ದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ಓಣಿಯ ತುದಿಯ ಬಾವಿಯವರೆಗೆ ನಡೆಯುತ್ತಿದ್ದರು. ನಗರಸಭೆಗೆ ಆರಿಸಿ ಬಂದ ಮೇಲೂ ಆ ರೂಢಿ ಬಿಡಲಿಲ್ಲ.

ನಮ್ಮದು ಇಳಕಲ್ಲಿನ ನೇಕಾರರ ಓಣಿ. ಬೆಳಿಗ್ಗೆ ಮಗ್ಗಕ್ಕೇರಿಸುವ ಹಾಸಿನ ನೂಲನ್ನು ರಸ್ತೆಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಹಸಿ ನೂಲಿಗೆ ಧೂಳು ಅಂಟಿದರೆ ಸೀರೆ ಕೆಟ್ಟಂತೆಯೇ. ಅದಕ್ಕೇ ಚಾಚಿ ಸರ್ಕಾರದ ಅನುದಾನ ತಂದು ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿಸಿದರು. ಓಣಿ ತಿಕ್ಕಿದ ಗಂಗಾಳದಂತಾಯಿತು. ಜನ ಅವರಿಗೆ ಶಾಲು ಹೊದಿಸಿದರು.

ಆಮೇಲಿನ ಬೇಸಿಗೆಗಳಲ್ಲಿ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಬೇಕಾಯಿತು. ಮಳೆನೀರು ಮಣ್ಣನ್ನೇ ಮುಟ್ಟದೆ ಗಟಾರಕ್ಕೆ ಬೀಳುತ್ತಿತ್ತು. ಗಟಾರ ತುಂಬಿ ಹೊಸ್ತಿಲು ಏರುತ್ತಿತ್ತು. ಒಂದು ಸಂಜೆ ಚಾಚಿ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ನಾನು ಕೊಟ್ಟ ಚಹಾದ ಮೇಲೆ ಕೆನೆ ಕಟ್ಟಿತು. "ಬಾಂವಿ ಬಾಯಿ ನಾನ ಮುಚ್ಚೇನಿ ನೋಡವಾ," ಎಂದರು.

ಅಂತರ್ಜಲ ಉಳಿಸುವ ಸರ್ಕಾರದ ಯೋಜನೆಯಲ್ಲಿ ಇಂಗುಗುಂಡಿಗೆ ಅವಕಾಶವಿದೆಯೆಂದು ತಿಳಿದುಕೊಂಡು, ರಸ್ತೆಯ ಒಂದು ಅಂಚು ಒಡೆಸಲು ನಿಂತರು. ನೇಕಾರರಿಗೆ ಮತ್ತೆ ಧೂಳಿನ ಹೆದರಿಕೆ. ಎದುರುಮನೆಯ ಈರಣ್ಣ ಅಡ್ಡ ನಿಂತ.

"ಹಾಕ್ಸಿದಾವ್ರೂ ನೀವ, ಒಡಸಾವ್ರೂ ನೀವ. ಮುಂದ ನಮ್ಮ ಮಗ್ಗಾನೂ ಒಡಸ್ತೀರೇನ್ರಿ ಚಾಚಿ?"

"ತಪ್ಪು ನಂದದ. ತಿದ್ದಾಕ ಇನ್ನೊಬ್ಬ ಮೆಂಬರ್ ಬರೂತನಾ ಬಾಂವಿ ಕಾಯ್ತದೇನೋ? ನೀರಿಲ್ದ ಗಂಜಿ ಹೆಂಗ ಕಾಸ್ತಿ?"

ಈರಣ್ಣ ಪಕ್ಕಕ್ಕೆ ಸರಿದ. ಚಾಚಿ ಗುಂಡಿ ತೋಡಿಸಿ, ಧೂಳೇಳದಂತೆ ಮೇಲೆ ತೊಳೆದ ಕಲ್ಲಿನ ಕಡಿ ಹಾಸಿಸಿದರು. ಮುಂದಿನ ಚುನಾವಣೆಯಲ್ಲಿ ಸೋತರು. ಮಳೆಗೆ ಹೊರಬರುವುದನ್ನು ಮಾತ್ರ ಬಿಡಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಉಸಿರು ಸಾಲುತ್ತಿರಲಿಲ್ಲ. ಇಳಕಲ್ಲಿನಲ್ಲಿ ಮಳೆಯಾಗಿದೆಯೆಂದು ಯಾರೋ ಹೇಳಿದ್ದರಂತೆ.

"ನೀರ ಎಲ್ಲಿ ನಿಂತಿತ್ತವಾ?"

"ಎಲ್ಲೂ ನಿಂದರಲಿಲ್ರಿ ಚಾಚಿ. ಇಳೀತು."

ಅವರು ಕಣ್ಣು ಮುಚ್ಚಿ, ಮೆಲ್ಲಗೆ ತಲೆಯಾಡಿಸಿದರು.

ಈಗ ಬಾವಿಯ ಹಗ್ಗಕ್ಕೆ ಕಟ್ಟಿದ್ದ ಆ ಹೆಚ್ಚಿನ ತುಂಡನ್ನು ಈರಣ್ಣ ಬಿಚ್ಚಿ, ಗಡಗಡಿ ರಾಟೆಯ ಕಂಬಕ್ಕೆ ಸುತ್ತಿಟ್ಟಿದ್ದಾನೆ. ಮೊನ್ನೆ ಮಳೆ ಬಂತು. ಎಲ್ಲರೂ ಒಳಗೆ ಓಡಿದರು. ನಾನು ಬಾಗಿಲಲ್ಲೇ ನಿಂತೆ. ಯಾರೂ ಇಲ್ಲದ ಓಣಿಯಲ್ಲಿ, ಕಡಿಯ ಸಂದಿಯಿಂದ ನೀರು ಇಳಿಯುವ ಸದ್ದು ಕೇಳುತ್ತಿತ್ತು.