ಪಂಚಮಿಯ ದಿನ ಕೂರಿಸಿದ ವೂಫರ್

ನನ್ನ ಗಂಡ ಬಾಯಿ ಬಿಟ್ಟು ಏನನ್ನೂ ಕೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮದುವೆಯ ಮಾತು ಬಂದಾಗಲೆಲ್ಲ ಅವನ ಕಡೆಯವರು ಎದೆ ಉಬ್ಬಿಸಿ ಹೇಳುವುದು ಇದನ್ನೇ. ವರದಕ್ಷಿಣೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ಹುಡುಗೀನ ಕೊಡ್ರಿ ಸಾಕು ಅಂದ್ವಿ. ಖರೇ, ಕೇಳಲಿಲ್ಲ. ಅವನು ಕಾರಿನ ಹಾಡಿನ ಬಗ್ಗೆ ಮಾತಾಡುತ್ತಿದ್ದ, ಅಷ್ಟೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮದುವೆಯ ವರ್ಷವೇ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದ. ಡಿಕ್ಕಿಯಲ್ಲಿ ಸದಾ ಸ್ಯಾಂಪಲ್ಲಿನ ಚೀಲ. ಹತ್ತಿ ಕೂತವರು ಮೋಟೆಬೆನ್ನೂರು ಬರುವುದರೊಳಗೆ ಸೀನಿ ಸೀನಿ ಸುಸ್ತಾಗಬೇಕು. ಆ ಕಾರಿಗೊಂದು ಹಳೆಯ ಟೇಪು ಇತ್ತು. ಮೊದಲ ದೀಪಾವಳಿಗೆ ಕರೆಯಲು ನನ್ನ ಅಣ್ಣ ರಾಣೆಬೆನ್ನೂರಿನಿಂದ ಬಂದಾಗ ಇವನು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. "ನಿಮ್ಮೂರ ಮುಟ್ಟೂದ್ರಾಗ ಕ್ಯಾಸೆಟ್ಟು ಸುತಗೊಂಡ ಬಿಡತೈತ್ರಿ. ಈಗ ಎಲ್ಲಾರೂ ಸಿ.ಡಿ. ಹಾಕಿಸ್ಯಾರ" ಎಂದ. ಅಣ್ಣ ಬೀಜದ ಗೋದಾಮಿನಲ್ಲಿ ಕೆಲಸಕ್ಕಿದ್ದವನು, ದಡ್ಡನಲ್ಲ. ದೀಪಾವಳಿಯ ದಿನ ಅಳಿಯನ ತಟ್ಟೆಯಲ್ಲಿ ಪ್ಯಾಂಟು ಶರ್ಟಿನ ಬಟ್ಟೆಯ ಮೇಲೆ ಸಿ.ಡಿ. ಪ್ಲೇಯರು ಕೂತಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಯುಗಾದಿಗೆ ಕರೆಯಲು ಬಂದಾಗ, "ಪ್ಲೇಯರ್ ಛಲೋ ಐತ್ರಿ, ಆದ್ರ ಸ್ಪೀಕರ್ ಒದರತಾವು." ಬಾಗಿಲಿಗೆ ಹೊಸ ಸ್ಪೀಕರ್ ಬಂದವು. ಮುಂದಿನ ಹಬ್ಬಕ್ಕೆ, "ಮುಂದ ಕೇಳತೈತ್ರಿ, ಹಿಂದ ಕುಂತವರಿಗೆ ಏನೂ ಇಲ್ಲ." ಹಿಂದಿನ ಗಾಜಿನ ಕೆಳಗೆ ಮೊಟ್ಟೆಯಾಕಾರದ ಎರಡು ಸ್ಪೀಕರ್ ಬಂದವು. ಒಂದು ಸಲ ಮಾತ್ರ ಅಣ್ಣ ಬರೀ ಕೈಯಲ್ಲಿ ಬಂದ. ನನ್ನ ಅತ್ತೆ ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು, ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಮನ್ಯಾಗ ಕೆಲಸ ಭಾಳ ಬಿದ್ದಾವ್ರಿ. ಮುಂದಿನ ಹಬ್ಬಕ್ಕ ನೋಡೋಣ" ಎಂದಳು. ಕಟ್ಟಿಟ್ಟ ಬ್ಯಾಗನ್ನು ನಾನು ಬಿಚ್ಚಿದೆ. ತವರಿಗೆ ನಾನು ಹೋಗಬೇಕೆಂದರೆ ಆ ಕಾರಿಗೆ ಏನಾದರೊಂದು ಬರಬೇಕು ಎನ್ನುವುದು ಎರಡೂ ಮನೆಗಳಿಗೆ ರೂಢಿಯಾಗಿ ಹೋಯಿತು.

ಅವ್ವನಿಗೆ ಇದರಿಂದ ಬೇಜಾರಾಗುತ್ತಿತ್ತು ಅಂದುಕೊಂಡರೆ ಅದು ನಿಮ್ಮ ತಪ್ಪು. ಅವಳಿಗೆ ಹೆಮ್ಮೆ! ಇವನು ನಮ್ಮ ಓಣಿಯ ತಿರುವಿಗೆ ಬಂದ ಕೂಡಲೇ ಸೌಂಡು ಏರಿಸುತ್ತಿದ್ದ. ಮಕ್ಕಳು ಓಡಿ ಬರುತ್ತಿದ್ದವು, ಹೆಂಗಸರು ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ಅವ್ವ ಎಲ್ಲರ ಮುಂದೆ, "ನಮ್ಮ ಅಳಿಯಂದ್ರು ಬಂದ್ರ ಯಾರೂ ಹೇಳಾಕ ಬರಬೇಕಾಗಿಲ್ಲ ನೋಡವಾ" ಎಂದು ಮುಖ ಅರಳಿಸುತ್ತಿದ್ದಳು. ಹಿಂದಿನ ಸ್ಪೀಕರಿಗಾಗಿ ಕಿವಿಯ ಬುಗುಡಿ ಬಿಚ್ಚಿಕೊಟ್ಟವಳು ಅವಳೇ. ನಾನು ಜಗಳ ತೆಗೆದರೆ, "ನಿನಗ ತಿಳಿಯೂದಿಲ್ಲ, ಸುಮ್ಮನಿರು" ಎನ್ನುತ್ತಿದ್ದಳು.

ಮದುವೆಯಾದ ಮೂರನೆಯ ವರ್ಷ ಮಳೆಗಾಲಕ್ಕೆ ಅವ್ವ ಹಾಸಿಗೆ ಹಿಡಿದಳು. ಎದೆಯ ಬೇನೆ. ದವಾಖಾನೆಯವರು ಮನೆಗೆ ಕರೆದೊಯ್ದು ಬಾಯಿಗೆ ರುಚಿಸಿದ್ದು ಕೊಡಿ ಎಂದಿದ್ದರು. ನಾಗರ ಪಂಚಮಿಯ ಹಿಂದಿನ ದಿನ ಅಣ್ಣ ನನ್ನನ್ನು ಕರೆಯಲು ಬಂದ. ಮುಖ ನೋಡಿದರೇ ಗೊತ್ತಾಗುತ್ತಿತ್ತು. "ಅವ್ವ ಭಾಳ ದಿನ ಉಳಿಯೂದಿಲ್ಲ್ರಿ. ಇಕಿ ಹೆಸರ ಹಿಡದು ಒದರತಾಳ. ಈಗ ಕಳಸ್ರಿ, ಬಸ್ಸಿಗೆ ಕರಕೊಂಡ ಹೋಗತೇನಿ" ಎಂದು ನನ್ನ ಗಂಡನ ಮುಂದೆ ಕೈ ಮುಗಿದು ನಿಂತ.

ಇವನು ಮೀಸೆ ಸವರಿಕೊಂಡ. "ಸೌಂಡ್ ಎದಿಗೆ ಬಡಿಯೂದಿಲ್ಲ್ರಿ ಇನ್ನೂ. ವೂಫರ್ ಇದ್ರ ಅದರ ಮಾತ ಬ್ಯಾರೆ."

ಯಾರಾದರೂ ಆಡುವ ಮಾತೇ ಇದು? ಅಣ್ಣ ಮಾತ್ರ ತಲೆ ಎತ್ತದೆ, "ಮೊದಲ ರೊಕ್ಕಾ ಕೊಟ್ಟ ಹೇಳಿಟ್ಟೇನ್ರಿ. ಹಾವೇರ್ಯಾಗ ಅಂಗಡ್ಯಾಗ ತಯಾರ ಐತಿ. ಹಬ್ಬ ಮುಗಿಸಿ ಕೂರಿಸಿಕೊಡತಾರ" ಎಂದ. ಇವನ ಮುಖ ಬೆಳಗಿತು. "ಹಂಗಾರ ನೀವು ಮುಂದ ನಡೀರಿ. ನಾಳೆ ಮುಂಜಾನೆ ನಾನ ಕಾರಿನ್ಯಾಗ ಕರಕೊಂಡ ಬರತೇನಿ." ಪಂಚಮಿಗೆ ಕರೆಯಲು ಬಂದ ಅಣ್ಣ ತಂಗಿಯನ್ನು ಬಿಟ್ಟು ಒಬ್ಬನೇ ಬಸ್ಸು ಹತ್ತಿದ. ಓಣಿಯಲ್ಲಿ ಅವನ ಬೆನ್ನು ನೋಡುತ್ತ ನಾನು ಬಾಗಿಲಲ್ಲೇ ನಿಂತಿದ್ದೆ.

ಮರುದಿನ ಉಂಡಿಯ ಬುಟ್ಟಿ ಹಿಡಿದು ಕಾರು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸೇರುವ ಜಾಗದಲ್ಲಿ ಒಂದು ಕಡೆ ರಾಣೆಬೆನ್ನೂರು, ಇನ್ನೊಂದು ಕಡೆ ಹಾವೇರಿ. ಇವನು ಸ್ಟೇರಿಂಗನ್ನು ಹಾವೇರಿಯ ಕಡೆ ತಿರುಗಿಸಿದ.

"ಇತ್ತಾಗ ಎಲ್ಲಿಗ್ರಿ?" ಎಂದೆ.

"ಹೆಂಗೂ ಹೊಂಟೇವಿ. ಹಚ್ಚಿಸಿಕೊಂಡ ಹೋದ್ರಾತು. ಒಂದ ತಾಸಿನ ಕೆಲಸ."

"ಅವ್ವ ಜೀವಾ ಹಿಡಕೊಂಡ ಕುಂತಾಳ್ರಿ!"

"ಒಂದ ತಾಸಿಗೆ ಏನ ಆಗತೈತಿ? ಸುಮ್ಮ ಕುಂದರು."

ಹಾವೇರಿಯ ಅಂಗಡಿಯಲ್ಲಿ ಹಬ್ಬದ ದಿನವೂ ಮೇಸ್ತ್ರಿಯನ್ನು ಮನೆಯಿಂದ ಕರೆಸಿದ. ಅವರು ಬ್ಯಾಟರಿಯಿಂದ ದಪ್ಪ ವೈರು ಎಳೆದರು, ಕಾಲ ಕೆಳಗಿನ ಮ್ಯಾಟು ಕಿತ್ತರು, ಸೀಟಿನ ಕೆಳಗೆ ಆಂಪ್ಲಿಫೈಯರ್ ಬಿಗಿದರು. ಆಮೇಲೆ ವೂಫರಿನ ಪೆಟ್ಟಿಗೆ ತಂದರೆ ಅದು ಡಿಕ್ಕಿಯ ಬಾಯಿಗೆ ಹಿಡಿಸಲೇ ಇಲ್ಲ. ಅಂಗಡಿಯವನು ಸಣ್ಣದೊಂದು ತೋರಿಸಿದ. ಇವನಿಗೆ ದೊಡ್ಡದೇ ಆಗಬೇಕು. "ಹಿಂದಿನ ಸೀಟ ತಗೀರಿ" ಎಂದ. ನನ್ನ ಬುಟ್ಟಿಯನ್ನು ಕೆಳಗಿಳಿಸಿ ಸೀಟು ಬಿಚ್ಚಿದರು. ನಾನು ಹೊಸ ಸೀರೆ ಉಟ್ಟುಕೊಂಡು ರಸ್ತೆಯ ಬದಿ ಸ್ಟೂಲಿನ ಮೇಲೆ ಕೂತಿದ್ದೆ. ಹೋಗುವವರು ಬರುವವರು ನೋಡುತ್ತಿದ್ದರು.

ತಾಸು ಮುಗಿದು ಎಷ್ಟೋ ಹೊತ್ತಾಯಿತು. ಎದ್ದು ಹೋಗಿ, "ನಡೀರಿ ಇನ್ನ, ನಿಮ್ಮ ಕಾಲ ಬೀಳತೇನಿ" ಎಂದೆ. ಅವನು ಮೇಸ್ತ್ರಿಯ ಕಡೆ ಕಣ್ಣು ಹೊಡೆದು, "ನಮ್ಮ ಅತ್ತಿ ಈ ಸೌಂಡ್ ಕೇಳಿದ್ರ ಹಾಸಿಗಿ ಬಿಟ್ಟು ಎದ್ದು ಕುಂದರತಾಳ" ಎಂದ. ಇಬ್ಬರೂ ನಕ್ಕರು. ಆ ನಗು ಇವತ್ತಿಗೂ ನನ್ನ ಮೈ ಉರಿಸುತ್ತದೆ.

ಅವನು ಡಿಕ್ಕಿಯೊಳಗೆ ತಲೆ ಹಾಕಿದ್ದಾಗ ನಾನು ಬುಟ್ಟಿ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಕೇಳಲಿಲ್ಲ, ಹೇಳಲಿಲ್ಲ. ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡೇ ರಾಣೆಬೆನ್ನೂರು ಸೇರಿದೆ. ಓಣಿಯ ಹೆಂಗಸರೆಲ್ಲ ನಾಗಪ್ಪನಿಗೆ ಹಾಲೆರೆಯಲು ಹೋಗಿದ್ದರು. ಕಟ್ಟೆಗಳು ಖಾಲಿ ಇದ್ದವು.

ಅವ್ವ ಪಡಸಾಲೆಯ ಮಂಚದ ಮೇಲಿದ್ದಳು, ಕಾಲ ಬಳಿ ಅಣ್ಣ; ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಅವಳ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆ ಹೋಯಿತು.

"ಕಾರ್ ಎಲ್ಲಿ?"

"ಬರತಾರವಾ. ನಾ ಬಸ್ಸಿಗೆ ಬಂದೆ."

"ಒಬ್ಬಾಕಿನ? ಗಂಡನ್ನ ಬಿಟ್ಟು? ಹಬ್ಬದ ದಿನ?" ಅಷ್ಟೊತ್ತು ಉಸಿರಿಗೆ ಒದ್ದಾಡುತ್ತಿದ್ದವಳಿಗೆ ಎಲ್ಲಿಂದ ಬಂತೋ ಆ ಗಟ್ಟಿ ದನಿ. "ಜಗಳಾಡಿ ಬಂದಾಳ ಅಂತಾರ ಓಣಿ ಮಂದಿ. ನಾ ಸಾಯೂ ಮುಂದ ಅದನ್ನೊಂದ ಕೇಳಬೇಕೇನು? ಅವ್ರು ಕೈ ಬಿಟ್ರ ನಿಮ್ಮಣ್ಣನ ಸಂಬಳದಾಗ ನಿನ್ನ ಯಾರು ಸಾಕೂರು? ಹೋಗು. ಅವರ ಕೂಡ ಕಾರಿನ್ಯಾಗ ಬಾ."

"ಅವ್ವಾ, ನಿನ್ನ ನೋಡಾಕ ಬಂದೇನಿ!"

"ನೋಡಿದೆಲ್ಲ. ಮಂದಿ ಬರೂದ್ರಾಗ ಹೋಗು." ನನ್ನ ಕೈಯಿಂದ ತನ್ನ ಕೈ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಣ್ಣನ ಕಡೆ ನೋಡಿದೆ. ಇರಲಿ ಬಿಡವಾ ಎಂದು ಒಂದು ಮಾತು ಅವನು ಅಂದಿದ್ದರೆ ನಾನು ಕದಲುತ್ತಿರಲಿಲ್ಲ. ಅವನು ಹಿತ್ತಲ ಬಾಗಿಲು ತೆಗೆದ. ಬುಟ್ಟಿ ಸಮೇತ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಹಿತ್ತಲ ಸಂದಿಯಿಂದ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಒಂದು ಗುಟುಕು ನೀರು ಸಹ ನಾನು ಆ ಮನೆಯಲ್ಲಿ ಕುಡಿಯಲಿಲ್ಲ.

ಹಾವೇರಿಗೆ ವಾಪಸು ಬಂದಾಗ ಸೀಟಿದ್ದ ಜಾಗದಲ್ಲಿ ಪೆಟ್ಟಿಗೆ ಕೂತಿತ್ತು. ಬೈಗುಳಕ್ಕೆ, ಬೇಕಿದ್ದರೆ ಏಟಿಗೂ ತಯಾರಾಗಿಯೇ ಬಂದಿದ್ದೆ. ನನ್ನ ಗಂಡ ಬೆವರು ಒರೆಸಿಕೊಳ್ಳುತ್ತ, "ಎಲ್ಲಿ ಕುಂತಿದ್ದಿ? ಬಾ, ಹತ್ತು, ಕೇಳಬಾ" ಎಂದ. ನಾನು ಎರಡು ಊರು ಓಡಾಡಿ ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಏನು ಹೇಳಲಿ ಇಂಥವನಿಗೆ?

ರಾಣೆಬೆನ್ನೂರಿನ ತನಕ ಆ ಪೆಟ್ಟಿಗೆ ನನ್ನ ಬೆನ್ನಿಗೆ ಗುದ್ದಿತು. ಹಾಡಿನ ಒಂದು ಪದವೂ ಕಿವಿಗೆ ಹತ್ತಲಿಲ್ಲ, ಗುದ್ದು ಅಷ್ಟೇ. ಅವನು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಓಣಿಯ ತಿರುವಿಗೆ ಬಂದದ್ದೇ ಎಂದಿನಂತೆ ಗುಂಡಿಯನ್ನು ಪೂರ್ತಿ ತಿರುಗಿಸಿದ.

ಹಾಲೆರೆದು ಬಂದ ಹೆಂಗಸರು ಹಬ್ಬದ ಸೀರೆಯಲ್ಲೇ ನಮ್ಮ ಮನೆಯ ಮುಂದೆ ನೆರೆದಿದ್ದರು. ಗಂಡಸರು ಬಿದಿರು ಇಳಿಸುತ್ತಿದ್ದರು. ಬಾಯಿಗಳು ಅಳುತ್ತಿದ್ದದ್ದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ನಮ್ಮ ಹಾಡೇ ಕೇಳುತ್ತಿತ್ತು. ಯಾರೋ ಒಬ್ಬರು ಓಡಿ ಬಂದು ಕಾರಿನ ಬಾನೆಟ್ಟು ಬಡಿದ ಮೇಲೆ ಇವನು ಹಾಡು ಬಂದ್ ಮಾಡಿದ.

ಅವ್ವನನ್ನು ಆಗಲೇ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ. ನಾನು ಇಳಿದು ಹೋಗಿ ಅವಳ ಮಡಿಲಲ್ಲಿ ಬಿದ್ದೆ. ಹಿಂದಿನಿಂದ ಮಗ್ಗುಲ ಮನೆಯ ಮುದುಕಿಯ ಮಾತು ಬಂತು, ಎಲ್ಲರಿಗೂ ಕೇಳುವ ಹಾಗೆ: "ಹಡದಾಕಿ ದಾರಿ ಕಾಯ್ದು ಕಾಯ್ದು ಜೀವಾ ಬಿಟ್ಟಳು. ಇಕಿ ಈಗ ಹಾಡ ಹಚಗೊಂಡ ಬಂದಾಳ ನೋಡ್ರಿ, ಮಹಾರಾಣಿ."

ನಾನು ಬಂದಿದ್ದೆ ಎಂದು ಕೂಗಬೇಕೆನ್ನಿಸಿತು. ಬಂದಿದ್ದೆ, ಈ ಕೈಯನ್ನು ಹಿಡಿದಿದ್ದೆ, ಇವಳೇ ನನ್ನನ್ನು ಹೊರಗೆ ಹಾಕಿದಳು. ಬಾಗಿಲ ಬಳಿ ನಿಂತಿದ್ದ ಅಣ್ಣನ ಕಡೆ ತಿರುಗಿದೆ. ಗೊತ್ತಿದ್ದವನು ಅವನೊಬ್ಬನೇ. ಅವನು ನನ್ನ ಗಂಡನ ಕಡೆ ಒಮ್ಮೆ ನೋಡಿ, "ಬರ್ರಿ, ಒಳಗ ಬರ್ರಿ" ಎಂದು ಅವನ ಕಾಲಿಗೆ ನೀರು ಕೊಟ್ಟ.